ಎಂಟು ಬಟ್ಟು, ಒಂದು ಹಳದಿ ದೀಪ: ನನ್ನ ಹಳೆ ಸೇಲ್ಸ್ ಕಾರಿನ ವಿಮರ್ಶೆ

ಕಾರು 2009ರ ಮಾಡೆಲ್. ಬೆಳ್ಳಿ ಬಣ್ಣದ ಸೆಡಾನ್, 1.6 ಲೀಟರ್ ಪೆಟ್ರೋಲ್ ಎಂಜಿನ್, ಐದು ಗೇರು. ನನ್ನ ಕೈಗೆ ಬಂದಾಗ ಅದಕ್ಕೆ ಐದು ವರ್ಷ ಆಗಿತ್ತು. ಇವತ್ತು ಬೆಳಿಗ್ಗೆ ಮೀಟರ್ 2,38,410 ಕಿಲೋಮೀಟರ್ ತೋರಿಸುತ್ತಿತ್ತು. ಯಾವ ಕಂಪನಿಯ ಕಾರು ಎಂದು ಹೇಳುವುದಿಲ್ಲ. ಹದಿನೈದು ದಾಟಿದ ಮೇಲೆ ಎಲ್ಲ ಕಾರುಗಳೂ ಒಂದೇ ಮನೆಯ ಮುದುಕರಿದ್ದ ಹಾಗೆ. ಒಬ್ಬರಿಗೆ ಮಂಡಿ, ಇನ್ನೊಬ್ಬರಿಗೆ ಸೊಂಟ, ಅಷ್ಟೇ ವ್ಯತ್ಯಾಸ.

ಆದ್ದರಿಂದ ಮೈಲೇಜು, ಪಿಕಪ್ ಅಂತ ಬರೆಯಲು ಕೂತಿಲ್ಲ. ನಾನು ತೂಕದ ಮೆಷಿನ್ ಮಾರುವವಳು. ಟೇಬಲ್ ಮೇಲಿಡುವ ಸಣ್ಣ ಮೆಷಿನ್‌ನಿಂದ ಹಿಡಿದು ಲಾರಿ ಹತ್ತಿಸುವ ವೇಬ್ರಿಡ್ಜ್ ತನಕ ಮಾರುತ್ತೇನೆ. ಫ್ಯಾಕ್ಟರಿ, ಗೋದಾಮು, ಲ್ಯಾಬು ಸುತ್ತುವುದೇ ಕೆಲಸ. ಜೊತೆಗೆ ಕೆಲಸ ಮಾಡುವವರು ವರ್ಷಕ್ಕೆ ನಾಲ್ಕು ಸಲವಾದರೂ ಕೇಳುತ್ತಾರೆ. "ಇನ್ನೂ ಅದೇ ಕಾರಾ? ಗಿರಾಕಿಗಳು ಏನಂದ್ಕೋತಾರೆ?" ಈ ವಿಮರ್ಶೆ ಆ ಪ್ರಶ್ನೆಗೆ. ಹನ್ನೊಂದು ವರ್ಷ ಈ ಕಾರಿನಲ್ಲಿ ಮಾರಿದ್ದೇನೆ, ನಡುವೆ ಮೂರು ವಾರ ಹೊಸ ಕಾರಿನಲ್ಲೂ ಮಾರಿದ್ದೇನೆ. ಹಾಗಾಗಿ ಮಾತಾಡಲು ಸ್ವಲ್ಪ ಹಕ್ಕಿದೆ ಅಂದುಕೊಂಡಿದ್ದೇನೆ.

ಮೊದಲು ಆ ಮೂರು ವಾರದ ಕಥೆ. ಕ್ಲಚ್ ಸುಟ್ಟು ಕಾರು ಗ್ಯಾರೇಜ್ ಸೇರಿತ್ತು. ತಮ್ಮ ಆಗಷ್ಟೇ ದೊಡ್ಡ ಎಸ್‌ಯುವಿ ತಗೊಂಡಿದ್ದ. ಸೀಟಿನ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲ. "ಗೀಚು ಬಿದ್ರೆ ನೀನೇ ಹೊಣೆ ಅಕ್ಕ" ಎಂದು ಕೀ ಕೊಟ್ಟ. ನಾನು ಅದೇ ಗಿರಾಕಿಗಳ ಹತ್ತಿರ, ಅದೇ ಬ್ಯಾಗು ಹಿಡಿದು, ಅದೇ ಚಪ್ಪಲಿಯಲ್ಲಿ ಹೋದೆ.

ವ್ಯತ್ಯಾಸ ಗೇಟಿನಲ್ಲೇ ಗೊತ್ತಾಯಿತು. ಒಂದು ದೊಡ್ಡ ಫ್ಯಾಕ್ಟರಿ ಇದೆ, ಆರು ವರ್ಷದಿಂದ ಹೋಗುತ್ತಿದ್ದೇನೆ. ನನ್ನ ಸೆಡಾನ್ ಕಂಡ ತಕ್ಷಣ ಸೆಕ್ಯೂರಿಟಿಯವರ ಕೈ ತಾನಾಗಿ ಎಡಕ್ಕೆ ಹೋಗುತ್ತದೆ. ವೆಂಡರ್ ಗೇಟ್ ಆ ಕಡೆ, ಅಂತ. ಅಲ್ಲಿ ರಿಜಿಸ್ಟರ್, ಡಿಕ್ಕಿ ಚೆಕಿಂಗ್, ಪಾಸು, ಎಲ್ಲ ಮುಗಿದು ಒಳಗೆ ಹೋಗಲು ಇಪ್ಪತ್ತು ನಿಮಿಷ. ಎಸ್‌ಯುವಿಯಲ್ಲಿ ಹೋದ ದಿನ ಅದೇ ಮನುಷ್ಯ ಗೇಟು ತೆಗೆದು ಪಕ್ಕಕ್ಕೆ ನಿಂತರು. ಕಿಟಕಿ ಇಳಿಸಿ ನಾನೇ ಎಂದು ತೋರಿಸಿದ ಮೇಲೆ ಅವರ ಮುಖ ನೋಡಬೇಕಿತ್ತು. ಪಾಪ, ತೆಗೆದ ಗೇಟನ್ನು ಮತ್ತೆ ಮುಚ್ಚುವ ಹಾಗಿಲ್ಲ.

ಆದರೆ ಮೇಲೆ, ಮೂರನೇ ಮಹಡಿಯಲ್ಲಿ? ಪರ್ಚೇಸ್ ಮ್ಯಾನೇಜರ್ ಕೂರುವ ಕೋಣೆಯ ಕಿಟಕಿ ಹಿಂದಿನ ಗೋಡೆ ನೋಡುತ್ತದೆ. ನಾನು ಹೆಲಿಕಾಪ್ಟರಿನಲ್ಲಿ ಇಳಿದರೂ ಅವರಿಗೆ ಕಾಣುವುದಿಲ್ಲ. ಅವರು ಕೇಳಿದ್ದು ಎಂದಿನ ಎರಡೇ ಪ್ರಶ್ನೆ. ಡೆಲಿವರಿ ಯಾವಾಗ, ಮೆಷಿನ್ ಸರಿಯಾಗಿ ತೂಗುತ್ತದೆ ಎಂದು ಪರೀಕ್ಷಿಸಿ ಕೊಡುವ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಯಾರದು.

ಅದೇ ವಾರ ಒಂದು ಸಣ್ಣ ಯೂನಿಟ್ಟಿನ ಮಾಲೀಕರು ಬಾಗಿಲಲ್ಲೇ ನಿಂತು ಎಸ್‌ಯುವಿಯನ್ನು ಮುಂದಿನಿಂದ ಹಿಂದಿನ ತನಕ ನೋಡಿದರು. "ಬಿಸಿನೆಸ್ ಚೆನ್ನಾಗಿದೆ ಅನ್ಸುತ್ತೆ ಮೇಡಂ. ನಮ್ಮ ಕೊಟೇಶನ್ ಇನ್ನೊಂದ್ ಸಲ ನೋಡಿ." ನಗುತ್ತಲೇ ಹೇಳಿದರು. ಆದರೆ ಕೇಳಿದ್ದು ನಿಜವಾದ ಡಿಸ್ಕೌಂಟೇ. ತಮ್ಮನ ಕಾರು ಎಂದು ಹೇಳಿದೆ. ನಂಬಲಿಲ್ಲ. ಹಳೆ ಕಾರಿನಲ್ಲಿ ಹೋದಾಗ ಅವರು ಒಂದು ಸಲವೂ ಹೀಗೆ ಕೇಳಿರಲಿಲ್ಲ.

ಮಗ ಸೈಕಾಲಜಿ ಓದುತ್ತಾನೆ. ಗೇಟಿನ ಕಥೆ ಹೇಳಿದ್ದಕ್ಕೆ ಅವನು 1968ರಲ್ಲಿ ಪ್ರಕಟವಾದ ಒಂದು ಪ್ರಯೋಗ ತೆಗೆದ. ಆಂಥನಿ ಡೂಬ್ ಮತ್ತು ಆಲನ್ ಗ್ರಾಸ್ ಎಂಬ ಇಬ್ಬರು ಕ್ಯಾಲಿಫೋರ್ನಿಯಾದಲ್ಲಿ ಮಾಡಿದ್ದು. ಸಿಗ್ನಲ್ ಹಸಿರಾದ ಮೇಲೂ ಕಾರನ್ನು ಬೇಕಂತಲೇ ಅಲ್ಲಾಡಿಸದೆ ನಿಲ್ಲಿಸುವುದು, ಹಿಂದಿನವರು ಎಷ್ಟು ಹೊತ್ತಿಗೆ ಹಾರ್ನ್ ಹೊಡೆಯುತ್ತಾರೆ ಎಂದು ನೋಡುವುದು. ಕೆಲವು ಸಲ ದುಬಾರಿ ಹೊಸ ಕ್ರೈಸ್ಲರ್, ಕೆಲವು ಸಲ ಹಳೆ ಸಾದಾ ಕಾರು. ಹಳೆ ಕಾರಿನ ಹಿಂದಿದ್ದವರು ಬೇಗನೆ ಹೊಡೆದರು, ಜಾಸ್ತಿ ಜನ ಹೊಡೆದರು. ದುಬಾರಿ ಕಾರಿನ ಹಿಂದಿದ್ದವರು ತಾಳ್ಮೆಯ ಮೂರ್ತಿಗಳು.

ನನಗೆ ಹಿಡಿಸಿದ್ದು ಅದರ ಇನ್ನೊಂದು ಭಾಗ. ರಸ್ತೆಗೆ ಕಳಿಸದೆ, ಸುಮ್ನೆ ಕಾಗದದ ಮೇಲೆ ವಿದ್ಯಾರ್ಥಿಗಳನ್ನು ಕೇಳಿದಾಗ ಹುಡುಗರು ಉಲ್ಟಾ ಹೇಳಿದ್ದರಂತೆ. ದುಬಾರಿ ಕಾರಿಗೇ ಮೊದಲು ಹಾರ್ನ್ ಹೊಡೆಯುತ್ತೇವೆ, ಅಂತ. ಅದನ್ನು ಕೇಳಿ ನನಗೆ ಒಳಗೊಳಗೇ ನಗು ಬಂತು. ಏಕೆಂದರೆ ಹಿಂದಿನ ವರ್ಷ ನಾನು ಪರಿಚಯದ ಎಂಟು ಗಿರಾಕಿಗಳನ್ನು ನೇರವಾಗಿ ಕೇಳಿದ್ದೆ, ನನ್ನ ಕಾರು ನೋಡಿ ನಿಮಗೆ ಏನನ್ನಿಸುತ್ತದೆ ಎಂದು. ಎಂಟೂ ಜನ "ಛೆ ಛೆ, ಕಾರೆಲ್ಲ ಯಾರು ನೋಡ್ತಾರೆ ಮೇಡಂ" ಅಂದಿದ್ದರು. ಆ ಉತ್ತರವನ್ನು ಡೈರಿಯಲ್ಲಿ ಬರೆದು ಖುಷಿಪಟ್ಟಿದ್ದೆ. ಈಗ ಆ ಪುಟಕ್ಕೆ ಬೆಲೆ ಇಲ್ಲ.

ಮಗ ಅಷ್ಟಕ್ಕೇ ಬಿಡಲಿಲ್ಲ. 2000ದಲ್ಲಿ ಪ್ರಕಟವಾದ ಇನ್ನೊಂದನ್ನೂ ಹೇಳಿದ. ಥಾಮಸ್ ಗಿಲೊವಿಚ್ ಮತ್ತು ಜೊತೆಯವರು ವಿದ್ಯಾರ್ಥಿಗಳಿಗೆ ಮುಜುಗರ ಆಗುವಂಥ ಟಿ-ಶರ್ಟ್ ಹಾಕಿಸಿ ಎಲ್ಲರೂ ಕೂತಿದ್ದ ಕೋಣೆಗೆ ಕಳಿಸಿದರು. ಅರ್ಧದಷ್ಟು ಜನ ನೋಡಿರುತ್ತಾರೆ ಎಂದು ಹಾಕಿಕೊಂಡವರ ಅಂದಾಜು. ನಿಜವಾಗಿ ಗಮನಿಸಿದ್ದವರು ಸುಮಾರು ಕಾಲುಭಾಗ. ಇದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಎಷ್ಟೋ ವರ್ಷ ನಾನು ಕಾರನ್ನು ಕಟ್ಟಡದ ಹಿಂದೆ, ಡೀಸೆಲ್ ಜನರೇಟರ್ ಪಕ್ಕ ನಿಲ್ಲಿಸಿ ನಡೆದು ಹೋಗುತ್ತಿದ್ದೆ. ಬಿಸಿಲಲ್ಲಿ ಬೆವರು ಸುರಿಸಿಕೊಂಡು, ಐದು ನಿಮಿಷ ತಡವಾಗಿ, ಏದುಸಿರು ಬಿಡುತ್ತಾ ಮೀಟಿಂಗಿಗೆ ಕೂರುತ್ತಿದ್ದೆ. ಕಾರು ಕಾಣದೇ ಇರಲಿ ಎಂದು ಮಾಡಿದ್ದರಿಂದ ಬೆವರು ಕಂಡಿತು.

ಈ ವಿಷಯ ಬಂದಾಗಲೆಲ್ಲ ಯಾರೋ ಒಬ್ಬರು ಸ್ಯಾಮ್ ವಾಲ್ಟನ್ ಹೆಸರು ಎತ್ತುತ್ತಾರೆ. ವಾಲ್‌ಮಾರ್ಟ್ ಕಟ್ಟಿದ ಮನುಷ್ಯ, ಅಷ್ಟು ದುಡ್ಡಿದ್ದರೂ 1979ರ ಫೋರ್ಡ್ ಪಿಕಪ್ ಓಡಿಸುತ್ತಿದ್ದರು, ನೋಡಿ, ಅಂತ. ನಿಜ, ಆ ಗಾಡಿಯನ್ನು ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಆದರೆ ಸ್ವಾಮಿ, ಅವರು ಕೊಳ್ಳುವ ಕಡೆ ಕೂತವರು. ಮಾರುವವರು ಅವರ ಬಾಗಿಲಿಗೆ ಬಂದು ಸಾಲು ನಿಲ್ಲುತ್ತಿದ್ದರು. ಅವರ ಹಳೆ ಗಾಡಿ ನೋಡಿ ಯಾರೂ ವೆಂಡರ್ ಗೇಟ್ ತೋರಿಸುತ್ತಿರಲಿಲ್ಲ. ನಮ್ಮಂಥವರಿಗೆ ಅವರ ಉದಾಹರಣೆ ಹಿಡಿಯುವುದಿಲ್ಲ.

ಈಗ ಹಳದಿ ದೀಪದ ವಿಷಯಕ್ಕೆ ಬರುತ್ತೇನೆ. ಇದನ್ನು ಹೇಳಲು ಸ್ವಲ್ಪ ನಾಚಿಕೆ.

ಒಂದು ದೊಡ್ಡ ಗೋದಾಮಿನ ಮಾಲೀಕರು. ಅರವತ್ತರ ಹತ್ತಿರದ ವಯಸ್ಸು, ಮಾತು ಕಡಿಮೆ. ಅವರ ಹಳೆ ವೇಬ್ರಿಡ್ಜ್ ಬದಲಾಯಿಸಬೇಕಿತ್ತು, ಜೊತೆಗೆ ವರ್ಷದ ಸರ್ವೀಸ್ ಕಾಂಟ್ರಾಕ್ಟ್. ಆಫೀಸಿನಿಂದ ವೇಬ್ರಿಡ್ಜ್ ಇರುವ ಜಾಗ ಒಂದೂವರೆ ಕಿಲೋಮೀಟರ್. ಅವರ ಡ್ರೈವರ್ ಇರಲಿಲ್ಲ. "ನಿಮ್ಮ ಕಾರಲ್ಲೇ ಹೋಗೋಣ" ಎಂದು ಬಂದು ಕೂತರು. ಕಾರು ಹಳೆಯದು ಎಂದು ನಾನೇ ಕ್ಷಮೆ ಕೇಳಿದೆ. "ಹಳೇದಾದ್ರೆ ಏನು, ನಂದೂ ಹಳೇದೇ" ಅಂದರು. ಅಲ್ಲಿಗೆ ಆ ಭಯ ಹೋಯಿತು.

ಅರ್ಧ ದಾರಿಯಲ್ಲಿ ಅವರು ಡ್ಯಾಶ್‌ಬೋರ್ಡಿಗೆ ಬೆರಳು ತೋರಿಸಿದರು. "ಈ ದೀಪ ಏನು ಮೇಡಂ?"

ಚೆಕ್ ಎಂಜಿನ್ ದೀಪ, ಎಂಜಿನ್ನಿನಲ್ಲಿ ಏನೋ ದೋಷ ಇದೆ ಎಂದು ಎಚ್ಚರಿಸುವ ಹಳದಿ ದೀಪ. ಒಂದೂವರೆ ವರ್ಷದಿಂದ ಉರಿಯುತ್ತಿತ್ತು. ನನ್ನ ಕಣ್ಣಿಗೆ ಅದು ಕಾಣುವುದೇ ನಿಂತುಹೋಗಿತ್ತು. "ಅದು ಯಾವಾಗ್ಲೂ ಹಂಗೇ ಸಾರ್, ಏನೂ ಆಗಲ್ಲ" ಅಂದೆ.

ಅವರು ಏನೂ ಹೇಳಲಿಲ್ಲ. ವೇಬ್ರಿಡ್ಜ್ ನೋಡಿದೆವು. ಭಾರ ಗ್ರಹಿಸುವ ಲೋಡ್ ಸೆಲ್ ಎಷ್ಟು, ತೂಕ ತೋರಿಸುವ ಇಂಡಿಕೇಟರ್ ಯಾವುದು, ಕೆಳಗಿನ ಗುಂಡಿಯೊಳಗೆ ನೀರು ನಿಂತರೆ ಏನು ಗತಿ, ಎಲ್ಲ ಮಾತಾಡಿದೆವು. ವಾಪಸ್ ಬಂದು ಸರ್ವೀಸ್ ಕಾಂಟ್ರಾಕ್ಟಿನ ಕಾಗದ ಮುಂದಿಟ್ಟೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದರು. "ನಮ್ಮ ಮೆಷಿನ್‌ನಲ್ಲಿ ಎರರ್ ಬಂದ್ರೂ ನಿಮ್ಮೋರು ಹಂಗೇ ಹೇಳ್ತಾರಾ? ಯಾವಾಗ್ಲೂ ಹಂಗೇ, ಏನೂ ಆಗಲ್ಲ ಅಂತ?"

ಬಾಯಿ ಒಣಗಿತು. ಏನೋ ಹೇಳಿದೆ, ಏನೆಂದು ನೆನಪಿಲ್ಲ. ಆರ್ಡರ್ ಬೇರೆಯವರಿಗೆ ಹೋಯಿತು. ಆ ದೀಪದಿಂದಲೇ ಹೋಯಿತು ಎಂದು ಆಣೆ ಮಾಡಿ ಹೇಳಲಾರೆ. ನಮ್ಮ ರೇಟೂ ಜಾಸ್ತಿ ಇತ್ತು. ಆದರೆ ಆ ರಾತ್ರಿ ನನಗೆ ರೇಟಿನ ಚಿಂತೆ ಬರಲಿಲ್ಲ, ದೀಪದ್ದೇ ಬಂತು. ನಾನು ಮಾರುವುದೇ ಸರಿಯಾದ ಅಳತೆಯನ್ನು. ಮೆಷಿನ್ ತಪ್ಪು ತೋರಿಸಿದರೆ ತಕ್ಷಣ ಫೋನ್ ಮಾಡಿ ಎಂದು ಹೇಳುವ ಬಾಯಿ ಇದೇ. ಅವರು ನನ್ನ ಕಾರಿನ ವಯಸ್ಸು ನೋಡಲಿಲ್ಲ. ಎಚ್ಚರಿಕೆ ಕೊಟ್ಟರೆ ನಾನು ಏನು ಮಾಡುತ್ತೇನೆ ಎಂದು ನೋಡಿದರು. ಹೊಸ ಕಾರಿನಲ್ಲಿ ಇದೇ ದೀಪ ಉರಿದಿದ್ದರೂ ಅದೇ ಪ್ರಶ್ನೆ ಬರುತ್ತಿತ್ತು.

ಮಾರನೇ ದಿನವೇ ಗ್ಯಾರೇಜಿಗೆ ಹೋದೆ. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿದರು. ಪಿ0135 ಎಂಬ ಕೋಡ್ ಬಂತು. ಹೊಗೆಯಲ್ಲಿರುವ ಆಮ್ಲಜನಕ ಅಳೆದು ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಬೇಕೆಂದು ತಿಳಿಯಲು ನೆರವಾಗುವ ಆಕ್ಸಿಜನ್ ಸೆನ್ಸರ್ ಒಳಗಿನ ಹೀಟರ್ ಸರ್ಕ್ಯೂಟ್ ಕೈಕೊಟ್ಟಿದೆ ಎಂದರ್ಥ. ಆ ಸೆನ್ಸರ್ ಸುಮಾರು 300 ಡಿಗ್ರಿ ಬಿಸಿಯಾದ ಮೇಲೆಯೇ ಸರಿಯಾಗಿ ಓದುತ್ತದೆ, ಬೇಗ ಬಿಸಿಯಾಗಲಿ ಎಂದೇ ಒಳಗೆ ಪುಟ್ಟ ಹೀಟರ್ ಇಟ್ಟಿರುತ್ತಾರೆ. ಅದು ಸತ್ತರೆ ಬೆಳಿಗ್ಗೆ ತಣ್ಣಗಿರುವ ಎಂಜಿನ್ ಸ್ವಲ್ಪ ಹೊತ್ತು ಅಂದಾಜಿನ ಮೇಲೆ ಪೆಟ್ರೋಲ್ ಕುಡಿಯುತ್ತದೆ. ಒಂದೂವರೆ ವರ್ಷ ಹಾಗೆ ಕುಡಿಸಿದ್ದೇನೆ! ಸೆನ್ಸರ್ ಬದಲಾಯಿಸಲು ಒಂದು ಗಂಟೆ ಕೂಡ ಹಿಡಿಯಲಿಲ್ಲ.

ಗ್ಯಾರೇಜಿನ ಹುಡುಗ ಮೊದಲು "ಕೋಡ್ ಡಿಲೀಟ್ ಮಾಡಿಬಿಡ್ಲಾ ಮೇಡಂ, ದೀಪ ಹೋಗುತ್ತೆ" ಎಂದಿದ್ದ. ಬೇಡಪ್ಪ ಎಂದೆ. ತೂಕದ ಮೆಷಿನ್ ಮೇಲೆ ಕಸ ಬಿದ್ದಿರುವಾಗಲೇ ಝೀರೋ ಬಟನ್ ಒತ್ತುವವರನ್ನು ದಿನಾ ನೋಡುತ್ತೇನೆ. ಅದೂ ಇದೂ ಒಂದೇ ಕೆಲಸ. ಇನ್ನೊಂದು ಮಾತು, ನಿಮ್ಮ ಕಾರಿನಲ್ಲೂ ಈ ದೀಪ ಇದ್ದರೆ: ಸುಮ್ನೆ ಉರಿಯುತ್ತಿದ್ದರೆ ಬೇಗ ತೋರಿಸಿ. ಮಿಟುಕುತ್ತಿದ್ದರೆ ವೇಗ ಇಳಿಸಿ, ಸುರಕ್ಷಿತ ಜಾಗ ನೋಡಿ ನಿಲ್ಲಿಸಿಬಿಡಿ. ಎಂಜಿನ್ ಮಿಸ್‌ಫೈರ್ ಆಗುತ್ತಿರುತ್ತದೆ, ಸುಡದ ಪೆಟ್ರೋಲ್ ಹೋಗಿ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ.

ಇಷ್ಟು ಬೈದುಕೊಂಡ ಮೇಲೆ ಕಾರಿಗೆ ಸಲ್ಲಬೇಕಾದ ಹೊಗಳಿಕೆಯನ್ನೂ ಹೇಳಬೇಕು. ಅದರ ಡಿಕ್ಕಿ.

ನನ್ನ ಡಿಕ್ಕಿಯಲ್ಲಿ ಗಿರಾಕಿಗಳ ಮೆಷಿನ್ ಸರಿಯಾಗಿ ತೂಗುತ್ತದೆಯೇ ಎಂದು ಪರೀಕ್ಷಿಸಲು ಎಂಟು ಎರಕದ ಕಬ್ಬಿಣದ ತೂಕದ ಬಟ್ಟುಗಳಿವೆ. ಒಂದೊಂದು 20 ಕಿಲೋ, ಎಂ1 ದರ್ಜೆ. ಅಂದರೆ 20 ಕಿಲೋಗೆ ಹೆಚ್ಚೆಂದರೆ 1 ಗ್ರಾಂ ಅತ್ತಿತ್ತ ಆಗಬಹುದು, ಅದಕ್ಕಿಂತ ಜಾಸ್ತಿ ಆಗುವ ಹಾಗಿಲ್ಲ. ಉರುಳಾಡಿ ಒಂದಕ್ಕೊಂದು ಬಡಿಯಬಾರದು, ಬಣ್ಣ ಎದ್ದು ತುಕ್ಕು ಹಿಡಿಯಬಾರದು. ಅದಕ್ಕೆ ಬಡಗಿಯ ಹತ್ತಿರ ಮರದ ಗೂಡು ಮಾಡಿಸಿ, ಒಳಗೆ ದಪ್ಪ ಬಟ್ಟೆ ಅಂಟಿಸಿ, ಪಟ್ಟಿ ಬಿಗಿದಿದ್ದೇನೆ. ಒಟ್ಟು 160 ಕಿಲೋ. ಇಬ್ಬರು ದಪ್ಪ ಮನುಷ್ಯರನ್ನು ಸದಾ ಡಿಕ್ಕಿಯಲ್ಲಿ ಮಲಗಿಸಿಕೊಂಡು ಓಡಾಡಿದ ಹಾಗೆ.

ಇದರಿಂದ ಕಾರಿನ ಹಿಂಭಾಗ ಸ್ವಲ್ಪ ಕುಳಿತುಕೊಳ್ಳುತ್ತದೆ, ಮೂತಿ ಮೇಲೇಳುತ್ತದೆ. ರಾತ್ರಿ ಎದುರಿನವರ ಕಣ್ಣಿಗೆ ನನ್ನ ಲೈಟು ಹೊಡೆಯುತ್ತದೆ. ಅವರು ಡಿಮ್ ಡಿಪ್ ಮಾಡಿ ಬೈಯುತ್ತಾರೆ. ಸ್ಟಿಯರಿಂಗ್ ಪಕ್ಕ ಲೈಟು ತಗ್ಗಿಸುವ ಪುಟ್ಟ ಚಕ್ರ ಇದೆ, ಸೊನ್ನೆಯಿಂದ ಮೂರರ ತನಕ. ಆರು ವರ್ಷ ಅದು ಯಾತಕ್ಕೆಂದು ನನಗೆ ಗೊತ್ತಿರಲಿಲ್ಲ! ಈಗ ಬಟ್ಟು ಇದ್ದಾಗ ಎರಡಕ್ಕೆ ತಿರುಗಿಸುತ್ತೇನೆ. ಹಿಂದಿನ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಮ್ಮೆ ಪೂರ್ತಿ ಬದಲಾಯಿಸಿದ್ದೂ ಆಯಿತು.

ಈ ಕುಳಿತ ಹಿಂಭಾಗವೇ ನನಗೆ ಒಂದು ಆರ್ಡರ್ ತಂದುಕೊಟ್ಟಿದೆ. ಒಂದು ಕೆಮಿಕಲ್ ಯೂನಿಟ್ಟಿನ ಕ್ವಾಲಿಟಿ ಮ್ಯಾನೇಜರ್, ತುಂಬಾ ಕಟ್ಟುನಿಟ್ಟಿನ ಹೆಂಗಸು. ಪಾರ್ಕಿಂಗಿನಲ್ಲಿ ನನ್ನ ಕಾರು ನೋಡಿದವರೇ ಕೇಳಿದರು, "ಬಟ್ಟು ತಂದಿದ್ದೀರಾ?" ಹೇಗೆ ಗೊತ್ತಾಯಿತು ಎಂದೆ. "ಹಿಂದಿನ ಚಕ್ರ ನೋಡಿ ಗೊತ್ತಾಯ್ತು. ನಿನ್ನೆ ಬಂದೋರು ಫಳಫಳ ಅನ್ನೋ ಕಾರಲ್ಲಿ ಬಂದಿದ್ರು, ಬ್ರೋಷರ್ ಬಿಟ್ಟು ಏನೂ ತಂದಿರಲಿಲ್ಲ." ಡಿಕ್ಕಿ ತೆಗೆಸಿ ಒಂದೊಂದು ಬಟ್ಟಿನ ನಂಬರ್ ಸರ್ಟಿಫಿಕೇಟಿಗೆ ತಾಳೆ ನೋಡಿದರು. ಬಾನೆಟ್ ಮೇಲಿನ ಬಣ್ಣ ಎದ್ದು ಬಿಳಿ ಮಚ್ಚೆಯಾಗಿರುವುದರ ಕಡೆ ಅವರ ಕಣ್ಣು ಹೋಗಲೇ ಇಲ್ಲ. ಹೋಗಿದ್ದರೂ ನನಗೆ ಗೊತ್ತಾಗುವ ಹಾಗೆ ಹೋಗಲಿಲ್ಲ.

ದಾರಿಯಲ್ಲಿ ಕೈಕೊಟ್ಟಿದ್ದು ಒಂದೇ ಸಲ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಸತ್ತಿತ್ತು. ಗಿರಾಕಿಗೆ ಫೋನ್ ಮಾಡಿ ಕಾರು ಕೆಟ್ಟಿದೆ ಸಾರ್ ಎಂದರೆ, "ನಿಮ್ಮ ಕಾರಿನ ಕಥೆ ಬೇಡ, ಇಲ್ಲಿ ನನ್ನ ಲಾರಿ ಸಾಲು ನಿಂತಿದೆ" ಎಂದರು. ನ್ಯಾಯವಾದ ಮಾತು. ಹಳೆ ಕಾರಿನ ಬಗ್ಗೆ ಗಿರಾಕಿಗಳು ನಿಜವಾಗಿ ನೆನಪಿಟ್ಟುಕೊಳ್ಳುವುದು ಇದನ್ನೇ, ಬಣ್ಣವನ್ನಲ್ಲ. ಅಂದಿನಿಂದ ತಿಂಗಳಿಗೊಮ್ಮೆ ನಾನೇ ಮಲ್ಟಿಮೀಟರ್ ಹಿಡಿಯುತ್ತೇನೆ. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ಆಸುಪಾಸು ಇರಬೇಕು. ಎಂಜಿನ್ ಓಡುವಾಗ 14ರ ಹತ್ತಿರ ಹೋಗಬೇಕು. ಹೋಗದಿದ್ದರೆ ಆಲ್ಟರ್ನೇಟರ್ ಮೇಲೆ ಅನುಮಾನ ಇಟ್ಟುಕೊಳ್ಳಿ.

ಉಳಿದದ್ದು ಚುಟುಕಾಗಿ. ಹೆಡ್‌ಲೈಟ್ ಹಳದಿಯಾಗಿತ್ತು. ಅದು ಗಾಜಲ್ಲ, ಪಾಲಿಕಾರ್ಬೊನೇಟ್. ಮೇಲಿನ ರಕ್ಷಣೆಯ ಪದರ ಬಿಸಿಲಿಗೆ ಸವೆದರೆ ಹೀಗಾಗುತ್ತದೆ. ಟೂತ್‌ಪೇಸ್ಟ್ ಉಜ್ಜಿದೆ, ಸ್ವಲ್ಪ ದಿನದಲ್ಲೇ ಮತ್ತೆ ಹಳದಿ. ಕೊನೆಗೆ ನೀರು ಹಾಕಿ ಉಜ್ಜುವ ಮರಳುಕಾಗದದಿಂದ, ಒರಟಿನಿಂದ ನಯದವರೆಗೆ ತಿಕ್ಕಿಸಿ, ಪಾಲಿಶ್ ಮಾಡಿಸಿ, ಮೇಲೆ ಯುವಿ ಕೋಟಿಂಗ್ ಹಾಕಿಸಿದೆ. ಕೋಟಿಂಗ್ ಬಿಟ್ಟರೆ ತಿಕ್ಕಿದ್ದೆಲ್ಲ ದಂಡ. ಎಸಿ ಹಾಕಿದರೆ ಒದ್ದೆ ಗೋಣಿಚೀಲದ ವಾಸನೆ ಬರುತ್ತಿತ್ತು. ಗ್ಲೋವ್ ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್ ತೆಗೆದಾಗ ಒಂದು ಇಡೀ ಮರದ ಎಲೆ ಸಿಕ್ಕಿತು. ಎಡಗಡೆ ಹಿಂದಿನ ಕಿಟಕಿ ಈಗಲೂ ಇಳಿಯುವುದಿಲ್ಲ. ಅದಕ್ಕೆ ಅಲ್ಲಿ ಸ್ಯಾಂಪಲ್ ಪೆಟ್ಟಿಗೆ ಇಡುತ್ತೇನೆ, ಯಾರನ್ನೂ ಕೂರಿಸುವುದಿಲ್ಲ.

ಅಂಕ ಕೊಡುವುದಾದರೆ ಹೀಗೆ. ಗೇಟಿನಲ್ಲಿ ಐದಕ್ಕೆ ಒಂದು. ಮೀಟಿಂಗ್ ರೂಮಿನಲ್ಲಿ ಅಂಕವೇ ಇಲ್ಲ, ಅಲ್ಲಿಗೆ ಕಾರು ಬರುವುದಿಲ್ಲ. ರೇಟಿನ ಮಾತುಕತೆಯಲ್ಲಿ ನಾಲ್ಕು, ಹಳೆ ಕಾರಿನವಳನ್ನು ಯಾರೂ ಲಾಭಬಡುಕಿ ಅನ್ನುವುದಿಲ್ಲ. ಪಕ್ಕದ ಸೀಟಿನಲ್ಲಿ ಗಿರಾಕಿ ಕೂತಾಗ ಎರಡು ಇತ್ತು, ಈಗ ನಾಲ್ಕು. ಡಿಕ್ಕಿಗೆ ಐದಕ್ಕೆ ಐದು. ಇದೆಲ್ಲ ನನ್ನ ಕೆಲಸದ ಲೆಕ್ಕ. ನೀವು ಮನೆ, ಸೈಟು ತೋರಿಸಲು ಗಿರಾಕಿಯನ್ನು ದಿನವಿಡೀ ಕಾರಲ್ಲೇ ಸುತ್ತಿಸುವವರಾದರೆ ನಿಮ್ಮ ಕಾರೇ ನಿಮ್ಮ ಆಫೀಸು, ಲೆಕ್ಕ ಬೇರೆ. ಕಾರನ್ನೇ ಮಾರುವವರಾದರೆ ಇದನ್ನು ಓದಿ ಸಮಯ ಕಳೆಯಬೇಡಿ.

ಹೊಸದು ತಗೋತೀಯಾ ಎಂದು ತಮ್ಮ ಕೇಳುತ್ತಲೇ ಇದ್ದಾನೆ. ಕ್ಲಚ್ ಹೊಸದು, ಸ್ಪ್ರಿಂಗ್ ಹೊಸದು, ಆಲ್ಟರ್ನೇಟರ್ ಹೊಸದು. ಇಷ್ಟು ಹಾಕಿಸಿದ ಮೇಲೆ ಮಾರಲು ಮನಸ್ಸು ಬರುತ್ತಿಲ್ಲ. ತಳಪಾಯದಲ್ಲಿ ತುಕ್ಕು ಕಂಡ ದಿನ ಬಿಡುತ್ತೇನೆ.

ಹೋದ ತಿಂಗಳು ಆ ಗೋದಾಮಿನ ಮಾಲೀಕರು ಫೋನ್ ಮಾಡಿದರು. ಇನ್ನೊಂದು ಗೋದಾಮು ಕಟ್ಟುತ್ತಿದ್ದಾರಂತೆ, ಬಂದು ಜಾಗ ನೋಡಿ ಎಂದರು. ಮತ್ತೆ ಡ್ರೈವರ್ ಇರಲಿಲ್ಲ, ಅಥವಾ ಬೇಕಂತಲೇ ಕರೆದಿರಲಿಲ್ಲವೋ ಏನೋ. ನನ್ನ ಕಾರಿನಲ್ಲೇ ಕೂತರು. ಕೀ ತಿರುಗಿಸಿದೆ. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಮ್ಮೆ ಹೊತ್ತಿ, ಒಂದೊಂದಾಗಿ ಆರಿದವು. ಅವರು ಕತ್ತು ಚಾಚಿ ನೋಡುತ್ತಿದ್ದರು. ಒಂದು ಕೆಂಪು ದೀಪ ಮಾತ್ರ ಉಳಿಯಿತು.

"ಮೇಡಂ, ಇನ್ನೂ ಒಂದು ಉರೀತಿದೆಯಲ್ಲ?"

"ಅದು ನಿಮ್ಮದು ಸಾರ್. ಸೀಟ್ ಬೆಲ್ಟ್ ಹಾಕ್ಕೊಳ್ಳಿ."